ಹಾಸಿಗೆ ಇದ್ದಷ್ಟು

ಬೆಳಿಗ್ಗೆ ಎಚ್ಚರವಾದ ಕೂಡಲೇ ಅಳೆಯಬೇಕು,
ಇವತ್ತು ಹಾಸಿಗೆ ಎಷ್ಟಿದೆ ಎಂದು.
ನಿನ್ನೆ ಕಡಲಿನಷ್ಟಿತ್ತು.
ಇವತ್ತು ಮೀನಿನ ಡಬ್ಬಿ.

ಪೋರ್ಚುಗಲ್ಲಿನ ಮತೊಜಿನ್ಯೋಸ್, ಬಂದರಿನ ಹಿಂಬೀದಿ,
ಅಗ್ನಿಶಾಮಕ ಠಾಣೆಯ ಮೇಲಿನ ಮಹಡಿ.
ಮಂಗಳವಾರ, ಶುಕ್ರವಾರ, ಹತ್ತೂವರೆಗೆ
ಹನ್ನೊಂದು ಕುರ್ಚಿ, ಒಂಬತ್ತು ಹೆಂಗಸರು,
ಹಿಂದೆ ಟ್ರಾಮ್ ಓಡಿಸುತ್ತಿದ್ದ ಅಬೀಲಿಯೊ ಒಬ್ಬ.
ಹನ್ನೊಂದನೆಯದರಲ್ಲಿ ಅವನ ಕೋಟು ಕೂರುತ್ತದೆ.

ಮೆಟ್ಟಿಲು ಇಪ್ಪತ್ತೆರಡು. ಲಿಫ್ಟ್ ಇಲ್ಲ.
ನೋವಿನವರ ವ್ಯಾಯಾಮಕ್ಕೆ ಇಂಥ ಜಾಗ ಹುಡುಕಿಕೊಟ್ಟ
ನಗರಸಭೆಯ ಜಾಣ ಯಾರೋ!
ಹತ್ತನೆಯ ಮೆಟ್ಟಿಲಲ್ಲಿ ನಿಂತು ಬಂದರಿನ ಕ್ರೇನು ನೋಡುತ್ತೇನೆ,
ಸುಸ್ತಲ್ಲ, ನೋಟಕ್ಕೆ ನಿಂತೆ ಎಂದು ತೋರಿಸಿಕೊಳ್ಳಲು.

ಇಪ್ಪತ್ತಾರು ವರ್ಷ ಸಾರ್ಡೀನು ಜೋಡಿಸಿದೆ,
ಒಂದರ ಬಾಲ ಆ ಕಡೆ, ಇನ್ನೊಂದರದು ಈ ಕಡೆ,
ಕೂದಲೆಳೆಯ ಸಂದಿಯೂ ಉಳಿಯದಂತೆ.
ಬರೀ ಕೈ ನೋಯುತ್ತಿದ್ದರೆ ಮೀನಿನ ಮೇಲೆ ಹಾಕಬಹುದಿತ್ತು.
ಇದು ಕಾಲಿಗೆ, ಕತ್ತಿಗೆ, ದವಡೆಗೆ,
ತಲೆ ಬಾಚಿದರೆ ನೆತ್ತಿಗೆ,
ವಾರಕ್ಕೊಂದು ಕೋಣೆ ಬದಲಿಸುವ ಬಾಡಿಗೆದಾರ;
ಬಾಡಿಗೆ ಮಾತ್ರ ನಾನೇ ಕಟ್ಟುತ್ತೇನೆ.

ಎಕ್ಸ್‌ರೇಯಲ್ಲಿ ಏನೂ ಇಲ್ಲ. ರಕ್ತದಲ್ಲಿ ಏನೂ ಇಲ್ಲ.
ಏನೂ ಇಲ್ಲ ಎಂಬ ಕಾಗದಗಳದ್ದೇ
ದಪ್ಪ ಫೈಲೊಂದು ಇದೆ ಮನೆಯಲ್ಲಿ.
ನಾದಿನಿ ಗ್ರಾಸಿಂಡಾ ಅನ್ನುತ್ತಾಳೆ:
ನನಗೂ ನೋಯುತ್ತೆ ಮಾರಾಯ್ತಿ, ನಾನೇನು ಮಲಗಿದೀನಾ?
ಏಳು ವರ್ಷದ ಮೇಲೆ ಒಬ್ಬ ವೈದ್ಯೆ ಹೆಸರು ಕೊಟ್ಟಳು,
ಫೈಬ್ರೊಮಯಾಲ್ಜಿಯಾ.
ಎಷ್ಟು ಉದ್ದ! ತಡವರಿಸದೆ ಹೇಳಲು
ಎರಡು ವಾರ ನಾಲಿಗೆ ಹೊರಳಿಸಿದೆ.
ಅದೇ ನನ್ನ ಮೊದಲ ವ್ಯಾಯಾಮ.

ಕಲಿಸುವವಳು ತೆಲ್ಮಾ, ಮೂವತ್ತು ದಾಟಿರಲಿಕ್ಕಿಲ್ಲ.
ಕೈ ಮೇಲೆತ್ತಿ ಎನ್ನುವುದಿಲ್ಲ. ಕೇಳುತ್ತಾಳೆ:
ನಿಮ್ಮ ಅಡುಗೆಮನೆಯಲ್ಲಿ ಉಪ್ಪು ಎಲ್ಲಿದೆ?
ಅಲ್ಲಿಗೆ ಹೋಗಲಿ ಕೈ.
ನನ್ನ ಉಪ್ಪು ಒಂದು ಕಾಲಕ್ಕೆ ಎಲ್ಲಕ್ಕಿಂತ ಮೇಲಿನ ಗೂಡಿನಲ್ಲಿತ್ತು;
ವರ್ಷಕ್ಕೊಂದು ಗೂಡು ಇಳಿದು ಇಳಿದು
ಈಗ ಒಲೆಯ ಪಕ್ಕ ಕೂತಿದೆ.
ಸರಿ, ಅಷ್ಟಕ್ಕೇ ಚಾಚಿದೆ.
ಅಲ್ಲೇ ನಿಲ್ಲಿ, ಉಸಿರು ಬಿಡಿ, ಎಂದಳು.
ಕದ ತಟ್ಟಬೇಡಿ. ಹೊಸ್ತಿಲು ಮುಟ್ಟಿ ಬಂದುಬಿಡಿ,
ಒಳಗಿನವನು ಎಚ್ಚರಾಗುವ ಮೊದಲೇ.

ಇಷ್ಟೇನಾ? ಅಂದೆ.
ಇಷ್ಟೇ, ಅಂದಳು.
ಅವಮಾನವಾಯಿತು.
ಡಬ್ಬಿಗಳ ಬೆಟ್ಟ ದಿನದಿನವೂ ಕಟ್ಟಿದ ಕೈ
ಗಾಳಿಯಲ್ಲಿ ಉಪ್ಪು ತಡಕುತ್ತ
ಐದರವರೆಗೆ ಎಣಿಸುವುದೇ?

ಮಾರ್ಚಿನಲ್ಲಿ ಒಂದು ಗುರುವಾರ, ನೋವು ಕಾಣಲಿಲ್ಲ.
ಬಿಸಿಲು ಬೇರೆ. ಹಳೆ ಬಾಕಿ ವಸೂಲಿಗೆ ಹೊರಟವಳಂತೆ
ಪರದೆ ಒಗೆದೆ, ಏಳು ಕಿಟಕಿ ಉಜ್ಜಿದೆ,
ಕುರ್ಚಿ ಹತ್ತಿ ಉಪ್ಪಿನ ಜಾಡಿಯನ್ನು
ಅದರ ಹಳೆಯ ಸಿಂಹಾಸನದಲ್ಲಿ ಕೂರಿಸಿದೆ.
ಶುಕ್ರವಾರ, ಶನಿವಾರ, ಭಾನುವಾರ
ಹೊದಿಕೆಯ ಭಾರವೂ ತಾಳದೆ ಬಿದ್ದಿದ್ದೆ.
ಉಪ್ಪು ಅಲ್ಲೇ ಮೇಲೆ.
ಸೂಪು ಸಪ್ಪೆ.

ಮಂಗಳವಾರ ಹೇಳಿಕೊಂಡೆ. ಯಾರೂ ಬುದ್ಧಿ ಹೇಳಲಿಲ್ಲ.
ಅಬೀಲಿಯೊ ತನ್ನದನ್ನು ತೆಗೆದ:
ಅವನದು ಕಿಟಕಿಯಲ್ಲ, ಭಾವನ ದೋಣಿಗೆ ಬಣ್ಣ.
ಲೂಸಿಲಿಯಾಳದು ಮೊಮ್ಮಗನ ಕೇಕು, ಮೂರು ಅಂತಸ್ತಿನದು.
ನಕ್ಕೆವು. ನಗುವುದಕ್ಕೂ ಪಕ್ಕೆ ಬೇಕಲ್ಲ,
ಅಳೆದೇ ನಕ್ಕೆವು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದವರಿಗೆ
ಗೊತ್ತಿರಲಿಲ್ಲವೇನೋ,
ರಾತ್ರೋರಾತ್ರಿ ಕುಗ್ಗುವ ಹಾಸಿಗೆಯೂ ಇದೆಯೆಂದು.

ಕೆಳಗೆ ಸೈರನ್ ಕೂಗುತ್ತದೆ.
ಹುಡುಗರು ಬೂಟಿಗೆ ಕಾಲು ತುರುಕಿ ಓಡುತ್ತಾರೆ,
ನೆಲ ಅದುರುತ್ತದೆ.
ಮೇಲೆ ನಾವು ಹಿಮ್ಮಡಿ ಎತ್ತಿ, ಇಳಿಸಿ,
ಮೂರಾಯಿತು, ನಾಲ್ಕಾಯಿತು,
ಐದನೆಯದು ಇವತ್ತು ಬೇಡ.

ಉಪ್ಪು ಈಗ ನಡುವಿನ ಗೂಡಿನಲ್ಲಿದೆ,
ಕೆಲವು ದಿನ.
ಉಳಿದ ದಿನ ಗ್ರಾಸಿಂಡಾ ಬರುತ್ತಾಳೆ,
ನನ್ನ ಮುಖ ನೋಡುತ್ತಾಳೆ, ಏನೂ ಕೇಳುವುದಿಲ್ಲ,
ಜಾಡಿ ಇಳಿಸಿ ಒಲೆಯ ಪಕ್ಕ ಇಟ್ಟು
ಬಾಗಿಲು ಸದ್ದಾಗದಂತೆ ಎಳೆದುಕೊಂಡು ಹೋಗುತ್ತಾಳೆ.