ತೂಕದ ಕೋಣೆಯ ಕಂಪ್ಯೂಟರ್

ಮೊದಲ ಸಲ ಹೋದಾಗ ಅದು ಸುಮ್ಮನೆ ಓಡುತ್ತಿತ್ತು.
ಎರಡು ತಾಸು ಕೂತೆ, ಟೀ ಕುಡಿದೆ, ಆರಲಿಲ್ಲ.
ಡಾಕ್ಟರ ಬಾಗಿಲಲ್ಲಿ ಹಲ್ಲುನೋವು ಮಾಯವಾಗುವ ಹಾಗೆ
ನನ್ನೆದುರು ಎಲ್ಲ ಸರಿ.
ಕೂಡ್ಲೂರಿನ ಕಾಫಿ ಕ್ಯೂರಿಂಗ್ ವರ್ಕ್ಸು, ಫೆಬ್ರವರಿ,
ಗೇಟಿನಾಚೆ ರಸ್ತೆಯುದ್ದಕ್ಕೂ ಲಾರಿಗಳ ಸಾಲು.
ಏಳುವಾಗ, ಬ್ಯಾಗಿನ ಜಿಪ್ ಎಳೆಯುತ್ತ, ಒಂದು ಮಾತು ಅಂದೆ:
"ಯಾರದೋ ಕಾಲು ಪ್ಲಗ್ಗಿಗೆ ತಾಗಿರಬೇಕು, ಮೊಣ್ಣಪ್ಪನೋರೇ."
ಮುನ್ನೂರು ರೂಪಾಯಿ ತಗೊಂಡೆ.

ಎರಡನೇ ಸಲ ಮುಚ್ಚಳ ಬಿಚ್ಚಿದೆ.
ಒಳಗೆ ಕಾಫಿ ಹೊಟ್ಟಿನ ಧೂಳು, ಬೆಕ್ಕಿನ ಮೈಯಷ್ಟು ಮೆತ್ತಗೆ,
ಫ್ಯಾನಿನ ರೆಕ್ಕೆಗೆ ಅಂಟಿದ ಸತ್ತ ಜೇಡ.
ಬ್ಲೋವರ್ ಹಿಡಿದೆ, ಸೀನಿದೆ.
ಪ್ರೊಸೆಸರಿನ ಮೇಲಿನ ಪೇಸ್ಟು ಒಣಗಿ ಹಳೆಗೋಡೆಯ ಸುಣ್ಣವಾಗಿತ್ತು,
ಕೆರೆದು ಹೊಸದಿಟ್ಟೆ, ಒಂದು ಕಾಳುಮೆಣಸಿನಷ್ಟು.
ಕಾವು ಐವತ್ತೆರಡು. ಜ್ವರವಿಲ್ಲ.
ರ‍್ಯಾಮ್ ಕಿತ್ತು ಅದರ ಚಿನ್ನದ ಹಲ್ಲನ್ನು ರಬ್ಬರಿನಿಂದ ಉಜ್ಜಿದೆ.
ಕೆಪಾಸಿಟರುಗಳ ನೆತ್ತಿ ಸವರಿದೆ: ಒಂದೂ ಉಬ್ಬಿಲ್ಲ.
ಮೀಟರಿನಲ್ಲಿ ಹನ್ನೆರಡು ವೋಲ್ಟು, ಹನ್ನೆರಡೇ.
"ಈಗ ನೋಡಿ" ಅಂದು ಹೊರಟೆ.
ನನ್ನ ಬೈಕು ಗುಡ್ಡೆಹೊಸೂರು ದಾಟುವ ಮುನ್ನವೇ ಆರಿತಂತೆ.

ಮೂರನೇ ಸಲ ಕುರ್ಚಿಯಲ್ಲಿ ದಮಯಂತಿ ಇರಲಿಲ್ಲ.
ಹನ್ನೊಂದು ವರ್ಷ ಅಲ್ಲಿ ಕೂತು ತೂಕ ಬರೆದವಳು
ಅಂಗಳದಲ್ಲಿ, ತಲೆಗೆ ಟವೆಲು ಕಟ್ಟಿ, ಕಪ್ಪು ಬೀಜ ಆರಿಸುತ್ತಿದ್ದಳು.
"ಬೇಕೂಂತಲೇ ಆರಿಸ್ತಿದ್ಳು," ಮೊಣ್ಣಪ್ಪ ದನಿ ತಗ್ಗಿಸಿದರು,
"ತೂಕ ಸ್ಲಿಪ್ಪಿಗೆ ಏರೋ ಮುಂಚೆ. ನೀವೇ ಅಂದ್ರಲ್ಲ, ಕಾಲು ಅಂತ."
ಹೊಸ ಹುಡುಗ ಕೂತ ಮೇಲೂ ಆರುತ್ತದಲ್ಲ?
"ಅವಳು ಏನೋ ಮಾಡಿಟ್ಟು ಹೋಗಿದ್ದಾಳೆ."

ನನ್ನ ನಾಲಿಗೆ ಒಣಗಿದ ಪೇಸ್ಟು.

ಕರೆಂಟು ಹೋದರೆ ಯುಪಿಎಸ್ ಕಿರುಚಬೇಕು. ಕಿರುಚಿಲ್ಲ, ಅಂದ ಹುಡುಗ.
ಹಿಂದಿನ ವೈರು ಗೋಡೆಗೆ ಮೊಳೆ ಹೊಡೆದು ಬಿಗಿದದ್ದು,
ಯಾವ ಕಾಲಿಗೂ ಎಟುಕದು.
ಇದನ್ನು ಮೊದಲ ದಿನವೇ ಬಗ್ಗಿ ನೋಡಬಹುದಿತ್ತು.

ಲಾಗು ತೆರೆದೆ. ಅದು ಕಾರಣ ಹೇಳುವುದಿಲ್ಲ, ಹೊತ್ತು ಮಾತ್ರ:
ಹತ್ತು ನಲವತ್ತೆರಡು. ಹನ್ನೆರಡು ಐದು. ಮೂರು ಹದಿನೆಂಟು.
ಡ್ರಾಯರಿನಲ್ಲಿ ದಮಯಂತಿಯ ಪೆನ್ಸಿಲ್ ಪುಸ್ತಕವಿತ್ತು.
ಆರಿದಾಗಲೆಲ್ಲ ಕೈಯಲ್ಲಿ ಬರೆದಿಟ್ಟಿದ್ದಳು,
ಲಾರಿ, ಹೊತ್ತು, ತೂಕ, ಒಂದು ಕಿಲೋ ಬಿಡದೆ.
ಹತ್ತು ನಲವತ್ತೊಂದು, ಇಪ್ಪತ್ತೆರಡು ಟನ್ನು.
ಹನ್ನೆರಡು ನಾಲ್ಕು, ಇಪ್ಪತ್ತೈದು.
ಜೀಪು ಬಂದಾಗ, ಪಿಕಪ್ಪು ಬಂದಾಗ, ಒಮ್ಮೆಯೂ ಇಲ್ಲ.

ಕ್ಯಾಬಿನೆಟ್ಟಿನ ಮೇಲೆ ಅಂಗೈ ಇಟ್ಟು ಕಾದೆ.
ಪಿರಿಯಾಪಟ್ಟಣದ ಕಡೆಯ ಹತ್ತು ಚಕ್ರದ ಲಾರಿ ತೂಕದ ಹಲಗೆ ಹತ್ತಿತು.
ನೆಲ ಗುಂಯ್ ಅಂತು,
ಟೀ ಲೋಟದಲ್ಲಿ ಬಳೆಬಳೆ ಎದ್ದವು,
ಅಂಗೈಯಡಿ ಅದು ಸತ್ತಿತು.

ಪವರ್ ಸಪ್ಲೈ ಬಿಚ್ಚಿ, ಮಗುಚಿ, ಭೂತಗನ್ನಡಿ ಹಿಡಿದೆ.
ಹಳದಿ ತಂತಿಯ ಬುಡದಲ್ಲಿ, ಬೆಸುಗೆಯ ಸುತ್ತ,
ಕೂದಲೆಳೆಯ ಬಿರುಕು, ಪೂರ್ತಿ ಒಂದು ಬಳೆ.
ಆ ವರ್ಷ ಕುಟ್ಟದ ಬಯಲಲ್ಲಿ ನಿಂತು ನೋಡಿದ ಕಂಕಣ ಗ್ರಹಣದ ಹಾಗೆ,
ಇದು ಕಪ್ಪು.
ಸುಮ್ಮನಿದ್ದಾಗ ಮುಟ್ಟುತ್ತದೆ, ನಡುಗಿದಾಗ ಬಿಡುತ್ತದೆ.
ನನ್ನ ಮೀಟರು ಸುಳ್ಳು ಹೇಳಿರಲಿಲ್ಲ,
ಸುಮ್ಮನಿದ್ದಾಗ ಕೇಳಿದ್ದೆ, ಅಷ್ಟೆ.

ಕಾದ ಕಡ್ಡಿ, ಸೀಸದ ಒಂದು ಹನಿ, ಹೊಗೆ ಒಂದೆಳೆ.
ಎಣಿಸಿದರೆ ನಾಲ್ಕು ಸೆಕೆಂಡು.
ಮೂರು ಲಾರಿ ಹತ್ತಿಸಿ ನೋಡಿದೆವು. ಆರಲಿಲ್ಲ.
ಅಂಗಳಕ್ಕೆ ಹೋಗಿ, ಆರಿಸುತ್ತಿದ್ದ ಎಲ್ಲ ಹೆಂಗಸರೆದುರು ಹೇಳಿದೆ:
ಕಾಲು ಅಂದವನು ನಾನು, ತಪ್ಪು ನಂದು.
ಮೊಣ್ಣಪ್ಪ ಕೆಮ್ಮಿದರು.
ದಮಯಂತಿ ಮೊರದಿಂದ ಕಣ್ಣೆತ್ತಲಿಲ್ಲ.
"ಈ ರಾಶಿ ಮುಗಿಸಿ ಬರ್ತೇನೆ," ಅಂದಳು.

ಬಂದಳು. ಟವೆಲು ಬಿಚ್ಚಿ ಮಡಚಿಟ್ಟಳು.
ಹುಡುಗ ಏರಿಸಿದ್ದ ಕುರ್ಚಿಯನ್ನು ತನ್ನ ಎತ್ತರಕ್ಕೆ ಇಳಿಸಿ ಕೂತಳು,
ಕಾಲೆರಡನ್ನೂ ಅದರಡಿಗೆ ಎಳೆದುಕೊಂಡು.
ಲಾರಿ ಹತ್ತಿತು. ನೆಲ ಅಂದಿತು.
ಪರದೆಯಲ್ಲಿ ಅಂಕಿ ನಿಂತೇ ಇತ್ತು:
ಇಪ್ಪತ್ತೊಂದು ಸಾವಿರದ ನಾನೂರ ಅರವತ್ತು.
ಪ್ರಿಂಟರು ಸ್ಲಿಪ್ಪು ಕಕ್ಕಿತು.
ಅದನ್ನು ಹರಿದು ಡ್ರೈವರಿಗೆ ಕೊಟ್ಟು,
ಪೆನ್ಸಿಲ್ ಚೂಪು ಮಾಡಿ,
ಪುಸ್ತಕದಲ್ಲಿ ಅದನ್ನೇ ಇನ್ನೊಮ್ಮೆ ಬರೆದಳು.