ಮಕ್ತುಂಸಾಬ ಹೇಳಿದ ಕೋಬೆ

ಗದಗಿನ ಹತ್ತಿ ಪ್ರೆಸ್ಸಿನ ಹಿಂದ, ಬೇವಿನ ಬುಡಕ್ಕ
ಹೊರಸಿನ ಮ್ಯಾಲೆ ಕುಂತು ಮಕ್ತುಂಸಾಬ ಹೇಳಿದ:

ಊರು ಸರಳ ಐತಿ ತಂಗೀ, ದಾರಿ ತಪ್ಪೂದಿಲ್ಲ.
ನಮಗ ಕಪ್ಪತಗುಡ್ಡ ತೆಂಕಲಕ್ಕ,
ಅವರಿಗೆ ಗುಡ್ಡ ಬಡಗಲಕ್ಕ.
ಗುಡ್ಡಕ್ಕ ಬೆನ್ನು ಕೊಟ್ಟು ಇಳಕೋಂತ ನಡಿ,
ಕಾಲಿಗೆ ನೀರು ಹತ್ತಿದಲ್ಲೇ ಬಂದರ.

ಹೋಗಿದ್ಯಾ, ಅಜ್ಜಾ?

ಹುಬ್ಬಳ್ಳಿ ದಾಟಿಲ್ಲವ್ವಾ.
ಆಫೀಸಿನ ಗ್ವಾಡಿಗೆ ನಕಾಶೆ ಇತ್ತು,
ಮುಂಬೈ ಸೇಟನ ಗುಮಾಸ್ತ ಚಾ ಕುಡಕೋಂತ ತೋರಸ್ತಿದ್ದ.
ನನ್ನ ಕೆಲಸ ತಗಡು ಹಿಡಿದು ಕರೀ ಬಣ್ಣ ಬಡಿಯೂದು,
ಅಂಡಿಗಿ ಮ್ಯಾಲೆ ನಾಕು ಇಂಗ್ಲಿಷ್ ಅಕ್ಷರ.
ಓದಾಕ ಬರಲಿಲ್ಲ. ಬರಿಯಾಕ ಬಂತು.

ನನ್ನ ವೀಸಾ ಕಾಗದ ಇಸಕೊಂಡು
ಅವೇ ನಾಕರ ಮ್ಯಾಲೆ ಬೆರಳಾಡಿಸಿದ.

ಕಡೇದಕ್ಕ ಮೂರು ಹಲ್ಲು, ನೋಡು.
ನನ್ನ ತಗಡಿನಾಗ ನಡುವಿಂದು ಬಣ್ಣ ಗಟ್ಟ್ಯಾಗಿ ಮುಚ್ಚಿತ್ತು.
ಗೋದಾಮಿನ್ಯಾಗ ಎಲ್ಲ್ಯಾರ
ಎರಡು ಹಲ್ಲಿಂದು ಕಂಡರ
ಸಲಾಂ ಹೇಳು.