ಮೇಲು ಯಾವುದು

ಹಳೆಯ ಕ್ಯಾಲೆಂಡರಿನ ಹಾಳೆ. ಯಾವ ವರ್ಷದ್ದೋ,
ತಾರೀಖುಗಳ ಭಾಗ ಕತ್ತರಿಸಿ ಹೋಗಿದೆ,
ಬರೆದವರ ಹೆಸರೂ ಅದರೊಟ್ಟಿಗೆ.
ಮೇಲು ಯಾವುದು, ಕೆಳಗು ಯಾವುದು ಎಂದೇ ಮೊದಲ ಜಗಳ.
‘ಮೊಳೆಯ ತೂತು ಇರುವುದೇ ಮೇಲು,’ ಅಂದರು ಎವ್ಲಿನ್ ಟೀಚರ್,
‘ಇನ್ನು ನೋಡಿ, ಹಾಗೇ ಮಾಡಿ.’

ಏನು ನೋಡುವುದು? ಒಂದು ನೀಲಿ, ಒಂದು ಮಣ್ಣುಗೆಂಪು,
ನಡುವೆ ಏನೂ ಅಲ್ಲದ ಒಂದು ಬಿಳಿ ಸೀಳು.
ದೋಣಿಯಿಲ್ಲ, ತೆಂಗಿಲ್ಲ, ಕೂರ್ಮಗಡದ ಗುಡ್ಡವಿಲ್ಲ,
ಕೋಡಿಬಾಗದ ಈ ಮಾಳಿಗೆಯ ಕಿಟಕಿಯಲ್ಲಿ ಅವೆಲ್ಲ ಇದ್ದರೂ.

ನಾನು ಬೈತ್‌ಖೋಲದ ಐಸ್ ಫ್ಯಾಕ್ಟರಿಯ ಲೆಕ್ಕದವಳು.
ಇಪ್ಪತ್ತಾರು ವರ್ಷ ನೀರನ್ನು
ಗಡ್ಡೆಯ ಲೆಕ್ಕದಲ್ಲಿ ಮಾರಿದ್ದೇನೆ;
ನಿಲ್ಲದ ನೀರಿನ ಲೆಕ್ಕ ಗೊತ್ತಿಲ್ಲ.

ಮೊದಲ ಹಾಳೆ: ಒದ್ದೆಯ ಮೇಲೆ ಒದ್ದೆ.
ಕುಂಚದ ತುದಿ ತಾಗಿತೋ ಇಲ್ಲವೋ,
ಬಲೆಯ ಬಾಯಿ ಬಿಚ್ಚಿದಾಗ ತಾರ್ಲೆ ಚೆಲ್ಲುವ ಹಾಗೆ
ನೀಲಿ ಓಡಿತು, ಕೆಂಪಿಗೆ ನುಗ್ಗಿತು, ಎರಡೂ ಸೇರಿ ಗದಡು.
ಎರಡನೆಯದರಲ್ಲಿ ಹೆದರಿ ಕಾದೆ, ತೀರಾ ಕಾದೆ;
ಅಂಚು ಗಟ್ಟಿಯಾಯಿತು, ಸೀರೆಗೆ ಬಿದ್ದ ಗೇರುಹಣ್ಣಿನ ಕಲೆ.
ಮೂರನೆಯದರಲ್ಲಿ ಬಿಳಿ ಮರೆತೆ.
‘ಬಿಳಿ ಬಣ್ಣ ಡಬ್ಬಿಯಲ್ಲೇ ಇಲ್ಲವಲ್ಲ ಟೀಚರ್?’
‘ಅದು ಹಚ್ಚುವುದಲ್ಲ, ಮುಟ್ಟದೆ ಬಿಡುವುದು.’
ಖಾಲಿ ಸಾಲು ಕಂಡರೆ ಅಡ್ಡಗೆರೆ ಎಳೆದು
ರುಜು ಹಾಕುವುದು ನನ್ನ ಕೈಗೆ ರೂಢಿ.

ನೀಲಿಯೊಳಗೆ ಚುಕ್ಕೆ ಚುಕ್ಕೆ ಅರಳಿತ್ತಲ್ಲ, ಅದು ಹೇಗೆ?
ಟೀಚರ್ ಅಡುಗೆಮನೆಯಿಂದ ಹಿಡಿಯಷ್ಟು ತಂದರು:
ಸಾಣಿಕಟ್ಟೆಯ ಕಲ್ಲುಪ್ಪು.
ಉದುರಿಸಿ, ಎಲ್ಲರೂ ಉಸಿರು ಹಿಡಿದು ಬಗ್ಗಿದೆವು.
ಪ್ರತಿ ಹರಳೂ ತನ್ನ ಸುತ್ತಲ ನೀರು ಕುಡಿದು
ಒಂದೊಂದು ನಕ್ಷತ್ರ ಬಿಟ್ಟಿತು.
ಇಂಥದೇ ಉಪ್ಪುನೀರಲ್ಲಿ ಡಬ್ಬಗಳನ್ನಿಳಿಸಿ
ದಿನಕ್ಕೆ ಮುನ್ನೂರು ಗಡ್ಡೆ ಕಟ್ಟಿಸುತ್ತೇವೆ;
ಅದಕ್ಕೆ ಈ ವಿದ್ಯೆಯೂ ಬರುತ್ತದೆಂದು
ಮೂಟೆಯ ಮೇಲೆ ಬರೆದಿರಲಿಲ್ಲ.

ನಾಲ್ಕನೆಯದೂ ಅದರಂತಾಗಿಲ್ಲ.
ಬಿಳಿ ಸೀಳು ಕೊಂಚ ವಾರೆ,
ಬಲಮೂಲೆಯಲ್ಲಿ ಹನಿ ಬಿದ್ದು ಹೂಕೋಸಿನಂತೆ ಹರಡಿದೆ.
ಟೀಚರ್ ಮಾತಾಡದೆ ಕ್ಯಾಲೆಂಡರು ತಂದು ಪಕ್ಕಕ್ಕಿಟ್ಟರು.
ಅಲ್ಲೂ ಇತ್ತು, ಎಡಕ್ಕೆ, ಅಂಥದೇ ಒಂದು ಹೂಕೋಸು;
ಮೂರು ವಾರ ನೋಡಿಯೂ ಕಂಡಿರಲಿಲ್ಲ.
ಒರೆಸದೆ ಬಿಟ್ಟಿದ್ದಾರೆ.

ಹಾಳೆ ಒಣಗಲಿಲ್ಲ. ಕಾರವಾರದ ಗಾಳಿಯಲ್ಲಿ ಯಾವುದು ಒಣಗುತ್ತದೆ?
ಅಂಗೈ ಮೇಲೆ ಚಪ್ಪಟೆ ಹಿಡಿದು
ತುಂಬಿದ ತಟ್ಟೆ ತರುವವಳಂತೆ ಬಸ್ಸಲ್ಲಿ ನಿಂತೇ ಬಂದೆ.
‘ಏನಿದು ಬಾಯೀ, ಕಾಳಿ ಸಮುದ್ರ ಸೇರುವುದಾ?’
ಕಂಡಕ್ಟರ್ ಕತ್ತು ಓರೆ ಮಾಡಿ ಕೇಳಿದ.
ಮೊಳೆ ಹೊಡೆಯಬೇಕಾದ ಕಡೆ ಬೆರಳಿಟ್ಟು
‘ಮೇಲು ಇದು,’ ಅಂದೆ.